ನ್ಯೂ ಆರ್ಲಿಯನ್ಸ್‌ಗೆ ಹೊರಟವರಿಗೆ: ಊಟದ ಹೊತ್ತು ನೋಡಿಕೊಂಡು ಊರು ನೋಡಿ

ಅಮೆರಿಕದ ದಕ್ಷಿಣದಲ್ಲಿ ತಿನ್ನೋದಕ್ಕೆ ಅಂತಲೇ ಹೋಗಬಹುದಾದ ಊರು ಯಾವುದು ಅಂತ ಕೇಳಿದರೆ ನಾನು ಹೇಳುವುದು ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್. ಹ್ಯೂಸ್ಟನ್‌ನಲ್ಲಿರುವ ಕನ್ನಡದವರಿಗೆ ಇದು ಕಾರಲ್ಲಿ ಹೆಚ್ಚೂಕಡಿಮೆ ಆರು ಗಂಟೆಯ ದಾರಿ. ಲಾಂಗ್ ವೀಕೆಂಡ್ ಬಂದರೆ ಹೊರಟೇ ಬಿಡುತ್ತಾರೆ. ಕಾನ್ಫರೆನ್ಸ್ ಅಂತ ಬೆಂಗಳೂರಿಂದ ಬರುವವರಿದ್ದಾರೆ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರೂ ಇದ್ದಾರೆ. ಇವರಲ್ಲಿ ಸುಮಾರು ಜನ ಬರ್ಬನ್ ಸ್ಟ್ರೀಟ್‌ನಲ್ಲಿ ಒಂದು ರಾತ್ರಿ ಸುತ್ತಿ, "ಬರೀ ಕುಡುಕರ ಊರು ಮಾರಾಯ" ಅಂತ ವಾಪಸ್ ಬರುತ್ತಾರೆ. ಅವರು ನೋಡಿದ್ದು ಒಂದು ಬೀದಿ, ಅಷ್ಟೇ.

1718ರಲ್ಲಿ ಫ್ರೆಂಚರು ಕಟ್ಟಿದ ಊರು ಇದು. ನಡುವೆ ಸ್ಪೇನಿನವರ ಕೈಗೆ ಹೋಯಿತು, 1803ರಲ್ಲಿ ಅಮೆರಿಕದ ಪಾಲಾಯಿತು. ಆಫ್ರಿಕಾದಿಂದ ಗುಲಾಮರಾಗಿ ತಂದ ಜನ, ಸಿಸಿಲಿಯಿಂದ ಬಂದವರು, 1975ರ ನಂತರ ಬಂದ ವಿಯೆಟ್ನಾಮಿನವರು, ಇವರೆಲ್ಲರ ಕೈರುಚಿ ಇಲ್ಲಿನ ತಟ್ಟೆಯಲ್ಲಿದೆ. ಹಾಗಾಗಿ ನೋಡುವ ಜಾಗಗಳ ಪಟ್ಟಿ ಹಿಡಿದು ಓಡಬೇಡಿ. ಮೊದಲು ಎಲ್ಲಿ, ಏನು ತಿನ್ನೋದು ಅಂತ ಗೊತ್ತು ಮಾಡಿಕೊಳ್ಳಿ. ಅದರ ಸುತ್ತಮುತ್ತ ಏನಿದೆಯೋ ಅದನ್ನು ನೋಡಿ. ದಿನಕ್ಕೆ ಒಂದು ಬಡಾವಣೆ, ಎರಡು ಗಟ್ಟಿ ಊಟ, ಸಂಜೆಗೆ ಒಂದು ಸಂಗೀತ. ಮೂರು ದಿನಕ್ಕೆ ಇಷ್ಟು ಧಾರಾಳ.

1. ತಿಂಗಳು ನೋಡಿಕೊಂಡು ಟಿಕೆಟ್ ಮಾಡಿ

ಅಕ್ಟೋಬರ್, ನವೆಂಬರ್ ಚೆನ್ನ. ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕವೂ ಚೆನ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಮೇ ತಿಂಗಳ ಸೆಕೆಯೇ, ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ ಬೇರೆ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಬಂದಾಗ ತಡೆಗೋಡೆಗಳು ಒಡೆದು ಊರಿನ ಸುಮಾರು 80% ಭಾಗ ಮುಳುಗಿತ್ತು. ಆ ತಿಂಗಳುಗಳಲ್ಲಿ ಹೋಗುವುದಾದರೆ ದುಡ್ಡು ವಾಪಸ್ ಬರುವ ಬುಕಿಂಗನ್ನೇ ಮಾಡಿ. ಒಂದು ಲಾಭವೂ ಇದೆ. ಆಗಸ್ಟ್‌ನಲ್ಲಿ ಗಿರಾಕಿ ಕಡಿಮೆ ಅಂತ ದೊಡ್ಡ ದೊಡ್ಡ ರೆಸ್ಟೋರೆಂಟ್‌ಗಳು ಕಡಿಮೆ ಬೆಲೆಗೆ ಎರಡು ಮೂರು ಕೋರ್ಸಿನ ಊಟ ಕೊಡುತ್ತವೆ. ಆ ಕಾರ್ಯಕ್ರಮದ ಹೆಸರು ಕೂಲಿನರಿ.

ಮಾರ್ಡಿ ಗ್ರಾ ಅನ್ನೋ ಮೆರವಣಿಗೆಗಳ ಹಬ್ಬ ನೋಡಬೇಕು ಅಂತ ಆಸೆಯಿದ್ದರೆ ತಾರೀಖು ಮೊದಲು ನೋಡಿಕೊಳ್ಳಿ. ಅದು ಈಸ್ಟರ್‌ಗೆ 47 ದಿನ ಮುಂಚೆ ಬರುವ ಮಂಗಳವಾರ, ಹಾಗಾಗಿ ವರ್ಷ ವರ್ಷ ಬದಲಾಗುತ್ತದೆ. 2027ರಲ್ಲಿ ಫೆಬ್ರವರಿ 9. ಅದೇ ದಿನಕ್ಕೆ ಹೋಗಬೇಕು ಅಂತೇನಿಲ್ಲ. ಮೆರವಣಿಗೆಗಳು ಕೆಲವು ವಾರ ಮುಂಚೆಯೇ ಶುರುವಾಗುತ್ತವೆ, ಹಿಂದಿನ ವಾರಾಂತ್ಯಕ್ಕೆ ಹೋದರೆ ರಶ್ ಸ್ವಲ್ಪ ಕಡಿಮೆ. ದೊಡ್ಡ ರಥಗಳು ಫ್ರೆಂಚ್ ಕ್ವಾರ್ಟರ್ ಅನ್ನೋ ಹಳೇ ಪೇಟೆಯ ಇಕ್ಕಟ್ಟು ಬೀದಿಗಳೊಳಗೆ ಹೋಗುವುದೇ ಇಲ್ಲ. ಸೇಂಟ್ ಚಾರ್ಲ್ಸ್ ಅವೆನ್ಯೂದಲ್ಲಿ ನಿಂತುಕೊಳ್ಳಿ. ಅಲ್ಲಿ ಸಂಸಾರಸ್ಥರೇ ಜಾಸ್ತಿ. ಏಣಿಯ ತುದಿಗೆ ಪೆಟ್ಟಿಗೆ ಥರ ಸೀಟು ಮಾಡಿ ಅದರಲ್ಲಿ ಮಕ್ಕಳನ್ನು ಕೂರಿಸಿರುತ್ತಾರೆ. ರಥದ ಮೇಲಿಂದ ಎಸೆಯುವ ಮಣಿಸರ ಹಿಡಿಯೋದಕ್ಕೆ ಅಜ್ಜಂದಿರೂ ಕೈ ಚಾಚುತ್ತಾರೆ. ಹಬ್ಬ ಮುಗಿದು ತಿಂಗಳಾದರೂ ಆ ರಸ್ತೆಯ ಓಕ್ ಮರಗಳ ಕೊಂಬೆಗಳಲ್ಲಿ ಸರಗಳು ನೇತಾಡುತ್ತಿರುತ್ತವೆ.

ಮೊದಲ ಸಲ ಹೋಗುವವರು, ಜೊತೆಗೆ ವಯಸ್ಸಾದವರಿದ್ದರೆ, ಏಪ್ರಿಲ್‌ನ ಫ್ರೆಂಚ್ ಕ್ವಾರ್ಟರ್ ಫೆಸ್ಟಿವಲ್ ನೋಡಲಿ ಅನ್ನೋದು ನನ್ನ ಸಲಹೆ. ಸಂಗೀತಕ್ಕೆ ಟಿಕೆಟ್ ಇಲ್ಲ. ಊರಿನ ಹೋಟೆಲುಗಳೇ ನದಿ ದಂಡೆಯಲ್ಲಿ ಅಂಗಡಿ ಹಾಕಿ ಸಣ್ಣ ಸಣ್ಣ ತಟ್ಟೆಯಲ್ಲಿ ಕೊಡುತ್ತವೆ, ನಾಲ್ಕಾರು ರುಚಿ ನೋಡಬಹುದು. ಏಪ್ರಿಲ್ ಕೊನೆ, ಮೇ ಶುರುವಿನಲ್ಲಿ ನಡೆಯುವ ಜಾಝ್ ಫೆಸ್ಟ್ 1970ರಿಂದ ಬಂದದ್ದು, ಅದರ ಗತ್ತೇ ಬೇರೆ. ಆದರೆ ಟಿಕೆಟ್ ದುಬಾರಿ, ಬಿಸಿಲಲ್ಲಿ ದಿನವಿಡೀ ನಿಲ್ಲಬೇಕು.

2. ಬರ್ಬನ್ ಸ್ಟ್ರೀಟ್ ಮೇಲೆ ರೂಮ್ ಮಾಡಬೇಡಿ

ರಾತ್ರಿ ಮೂರಾದರೂ ಡ್ರಮ್ ನಿಲ್ಲುವುದಿಲ್ಲ, ಬೆಳಿಗ್ಗೆ ರಸ್ತೆ ತೊಳೆಯುವ ತನಕ ವಾಸನೆ. ಫ್ರೆಂಚ್ ಕ್ವಾರ್ಟರ್‌ನ ಅಂಚಿನಲ್ಲಿ, ಇಲ್ಲವೇ ಸೇಂಟ್ ಚಾರ್ಲ್ಸ್ ಟ್ರ್ಯಾಮ್ ಹೋಗುವ ದಾರಿಯಲ್ಲಿ ಹುಡುಕಿ.

ವಿಮಾನದಲ್ಲಿ ಬರುವವರು ಕಾರು ಬಾಡಿಗೆಗೆ ತೆಗೆದುಕೊಳ್ಳಬೇಡಿ. ಏರ್‌ಪೋರ್ಟಿಂದ ಊರೊಳಗೆ ಟ್ಯಾಕ್ಸಿಗೆ ನಿಗದಿತ ದರವಿದೆ, ಹತ್ತುವ ಮುಂಚೆ ಬೋರ್ಡ್ ನೋಡಿಕೊಳ್ಳಿ. ಸ್ವಂತ ಕಾರಲ್ಲಿ ಬರುವವರು ಹೋಟೆಲಿನ ಪಾರ್ಕಿಂಗ್ ಚಾರ್ಜ್ ಎಷ್ಟು ಅಂತ ಬುಕ್ ಮಾಡುವ ಮುಂಚೆಯೇ ಕೇಳಿ. ಎಷ್ಟೋ ಸಲ ರೂಮಿನ ಆಫರ್‌ನಲ್ಲಿ ಉಳಿದಿದ್ದು ಅಲ್ಲಿ ಹೋಗುತ್ತದೆ. ಕಾರೊಳಗೆ ಬ್ಯಾಗು, ಲ್ಯಾಪ್‌ಟಾಪ್ ಅಷ್ಟೇ ಅಲ್ಲ, ಹಳೇ ಜಾಕೆಟ್ಟನ್ನೂ ಬಿಡಬೇಡಿ. ಗಾಜು ಒಡೆದು ಕದಿಯೋದು ಇಲ್ಲಿ ಇದ್ದದ್ದೇ.

3. ದಿಕ್ಕು ಮರೆತು ನದಿ ನೋಡಿ

ಮಿಸಿಸಿಪ್ಪಿ ನದಿ ಇಲ್ಲಿ ಹಾವಿನ ಹಾಗೆ ತಿರುಗಿಕೊಂಡು ಹರಿಯುತ್ತದೆ. ಪೂರ್ವ, ಪಶ್ಚಿಮ ಅಂತ ಕೇಳಿದರೆ ಊರಿನವರೇ ತಬ್ಬಿಬ್ಬಾಗುತ್ತಾರೆ. ಅವರು ಹೇಳೋದು ನದಿ ಕಡೆ, ಕೆರೆ ಕಡೆ, ಮೇಲಿನ ಪೇಟೆ, ಕೆಳಗಿನ ಪೇಟೆ ಅಂತ. ಕೆನಾಲ್ ಸ್ಟ್ರೀಟ್ ದಾಟಿದ ಕೂಡಲೇ ಬೀದಿಗಳ ಹೆಸರು ಬದಲಾಗುತ್ತದೆ ಅನ್ನೋದು ನೆನಪಿರಲಿ. ಬರ್ಬನ್ ಹೋಗಿ ಕರಾಂಡಲೆಟ್ ಆಗುತ್ತದೆ, ರಾಯಲ್ ಹೋಗಿ ಸೇಂಟ್ ಚಾರ್ಲ್ಸ್ ಆಗುತ್ತದೆ.

ಫೋನಲ್ಲಿ ಲೆ ಪಾಸ್ ಅನ್ನೋ ಆ್ಯಪ್ ಹಾಕಿಕೊಳ್ಳಿ. ಟ್ರ್ಯಾಮ್, ಬಸ್ಸಿಗೆ ಒಂದು ಸಲಕ್ಕೆ 1.25 ಡಾಲರ್, ಇಡೀ ದಿನಕ್ಕೆ 3 ಡಾಲರ್. ಸೇಂಟ್ ಚಾರ್ಲ್ಸ್ ಲೈನಿನಲ್ಲಿ ಓಡುವ ಹಸಿರು ಗಾಡಿಗಳು 1920ರ ದಶಕದವು. ಲೈನ್ ಶುರುವಾಗಿದ್ದು 1835ರಲ್ಲಿ. ಮರದ ಸೀಟು, ಏಸಿ ಇಲ್ಲ, ಕಿಟಕಿ ಎತ್ತಿ ಕೂರಬೇಕು. ಬೆಳಿಗ್ಗೆ ಹತ್ತರೊಳಗೆ ಹತ್ತಿದರೆ ಕಿಟಕಿ ಪಕ್ಕ ಜಾಗ ಸಿಗುತ್ತದೆ, ಮಧ್ಯಾಹ್ನದ ಮೇಲೆ ನಿಂತೇ ಹೋಗಬೇಕು. ಕೆನಾಲ್ ಸ್ಟ್ರೀಟ್‌ನ ಕೆಂಪು ಗಾಡಿಗೆ ಏಸಿ ಇದೆ. ಆದರೆ ಬೋರ್ಡ್ ನೋಡಿ ಹತ್ತಿ. ಒಂದು ಸಿಟಿ ಪಾರ್ಕಿಗೆ ಹೋಗುತ್ತದೆ, ಇನ್ನೊಂದು ಸ್ಮಶಾನದ ಕಡೆಗೆ.

ಶೂ ಹಾಕಿಕೊಳ್ಳಿ. ಫುಟ್‌ಪಾತುಗಳನ್ನು ಓಕ್ ಮರದ ಬೇರುಗಳು ಎತ್ತಿ ಹಾಕಿವೆ. ಸೀರೆ ಉಟ್ಟು ಚಪ್ಪಲಿ ಮೆಟ್ಟಿದ ಅಮ್ಮಂದಿರಿಗೆ ಕಷ್ಟ.

4. ಬೆಳಿಗ್ಗೆ: ಬೆನ್ಯೆ ಮತ್ತು ಚಿಕೋರಿ ಕಾಫಿ

ಡೆಕೇಟರ್ ಸ್ಟ್ರೀಟ್‌ನ ಕೆಫೆ ದು ಮೋಂದ್ 1862ರಿಂದ ಇದೆ. ಸಿಗುವುದು ಮುಖ್ಯವಾಗಿ ಎರಡೇ: ಬೆನ್ಯೆ ಮತ್ತು ಕಾಫಿ. ಬೆನ್ಯೆ ಅಂದರೆ ಮೈದಾ ಹಿಟ್ಟನ್ನು ಚೌಕಾಕಾರಕ್ಕೆ ಕತ್ತರಿಸಿ ಎಣ್ಣೆಯಲ್ಲಿ ಕರಿದದ್ದು. ಉಬ್ಬಿಕೊಂಡು ಒಳಗೆ ಟೊಳ್ಳಾಗಿರುತ್ತದೆ. ಒಂದು ಪ್ಲೇಟಿಗೆ ಮೂರು. ಅದರ ಮೇಲೆ ಸಕ್ಕರೆ ಪುಡಿ ಎಷ್ಟು ಸುರಿದಿರುತ್ತಾರೆ ಅಂದರೆ ಬೆನ್ಯೆ ಕಾಣಿಸುವುದೇ ಇಲ್ಲ. ಕಪ್ಪು ಬಟ್ಟೆ ಹಾಕಿಕೊಂಡು ಹೋಗಬೇಡಿ. ಬಾಯಿಗಿಡುವಾಗ ಉಸಿರು ಎಳೆದುಕೊಳ್ಳಬೇಡಿ, ಕೆಮ್ಮು ಗ್ಯಾರಂಟಿ. ಎದುರಿಗೆ ಕೂತವರನ್ನು ಆಗ ನಗಿಸಲೂ ಬೇಡಿ, ಅವರ ಪ್ಲೇಟಿನ ಸಕ್ಕರೆ ನಿಮ್ಮ ಅಂಗಿ ಮೇಲಿರುತ್ತದೆ. ಮೆನು ಟೇಬಲ್ ಮೇಲಿನ ನ್ಯಾಪ್ಕಿನ್ ಡಬ್ಬಿಗೇ ಅಂಟಿಸಿರುತ್ತದೆ, ಅದಕ್ಕಾಗಿ ಕಾಯಬೇಡಿ. ಕೈಯಲ್ಲಿ ಸ್ವಲ್ಪ ಕ್ಯಾಶ್ ಇರಲಿ. ಹತ್ತು ಗಂಟೆಗೆ ಕ್ಯೂ ದೊಡ್ಡದು. ಎಂಟರೊಳಗೆ ಹೋಗಿ, ಇಲ್ಲ ರಾತ್ರಿ ಊಟವಾದ ಮೇಲೆ ಹೋಗಿ.

ಕಾಫಿ ನಮ್ಮವರಿಗೆ ಹಿಡಿಸುತ್ತದೆ, ಯಾಕೆಂದರೆ ಅದರಲ್ಲಿ ಚಿಕೋರಿ ಇದೆ. ಫ್ರೆಂಚರಿಂದ ಬಂದ ರೂಢಿ ಇದು. 1860ರ ದಶಕದ ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿ ಬೀಜ ಸಿಗದೆ ಹೋದಾಗ ಜನ ಚಿಕೋರಿ ಬೆರೆಸಿಯೇ ಕುಡಿದರು. ಯುದ್ಧ ಮುಗಿದರೂ ನಾಲಿಗೆ ಬಿಡಲಿಲ್ಲ. ಬಿಸಿ ಹಾಲು ಅರ್ಧಕ್ಕರ್ಧ ಹಾಕಿ ಕೊಡುವುದಕ್ಕೆ ಕೆಫೆ ಓ ಲೆ ಅನ್ನುತ್ತಾರೆ. ಅಮೆರಿಕದ ನೀರು ಕಾಫಿ ಕುಡಿದು ಬೇಜಾರಾದ ಅಪ್ಪನಿಗೆ ಇದನ್ನು ಕೊಡಿಸಿ. ಸಕ್ಕರೆ ಮಾತ್ರ ನಾವೇ ಹಾಕಿಕೊಳ್ಳಬೇಕು.

ತಿಂದ ಮೇಲೆ ಕೆಫೆಯ ಹಿಂದೆ ಮೆಟ್ಟಿಲು ಹತ್ತಿದರೆ ನದಿ. ಎದುರುಗಡೆ ದಾಟಿದರೆ ಜಾಕ್ಸನ್ ಸ್ಕ್ವೇರ್, ಚರ್ಚು, ಚಿತ್ರಗಾರರು. ಅಲ್ಲಿಂದ ರಾಯಲ್ ಸ್ಟ್ರೀಟ್ ಹಿಡಿದು ನಡೆಯಿರಿ. ಫ್ರೆಂಚ್ ಕ್ವಾರ್ಟರ್ ಅಂತ ಹೆಸರಾದರೂ ಕಬ್ಬಿಣದ ಕಟಾಂಜನ, ಒಳ ಅಂಗಳ ಎಲ್ಲ ಸ್ಪೇನಿನವರ ಕಾಲದ ಧಾಟಿ. 1788 ಮತ್ತು 1794ರ ಬೆಂಕಿಯಲ್ಲಿ ಹಳೆಯ ಫ್ರೆಂಚ್ ಮನೆಗಳು ಬಹುಪಾಲು ಸುಟ್ಟು ಹೋದವು.

5. ಊಟ: ಮಾಂಸ ತಿನ್ನುವವರಿಗೆ

ಗಂಬೋದಿಂದ ಶುರು ಮಾಡಿ. ಮೈದಾವನ್ನು ಎಣ್ಣೆಯಲ್ಲಿ ಕೈ ಬಿಡದೆ ಹುರಿಯುತ್ತಾರೆ. ಬಿಳಿ ಹೋಗಿ ಹೊಂಬಣ್ಣ, ಆಮೇಲೆ ಇಟ್ಟಿಗೆ ಬಣ್ಣ, ಕೊನೆಗೆ ಚಾಕೊಲೇಟ್ ಬಣ್ಣಕ್ಕೆ ಬರಬೇಕು. ಒಂದು ಕ್ಷಣ ಆಚೀಚೆ ನೋಡಿದರೆ ಸೀದು ಹೋಯಿತು, ಎಸೆದು ಮತ್ತೆ ಶುರು. ಅದಕ್ಕೆ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ. ಆಮೇಲೆ ಸೀಗಡಿ, ಏಡಿ, ಇಲ್ಲವೇ ಕೋಳಿ ಮತ್ತು ಆಂಡೂಯಿ ಅನ್ನೋ ಹಂದಿ ಸಾಸೇಜ್. ಗಟ್ಟಿಯಾಗಲು ಬೆಂಡೆಕಾಯಿ ಹಾಕುತ್ತಾರೆ, ಇಲ್ಲವೇ ಒಣ ಸಾಸಾಫ್ರಾಸ್ ಎಲೆಯ ಪುಡಿ. ಅನ್ನದ ಮೇಲೆ ಹಾಕಿ ಕೊಡುತ್ತಾರೆ. ಕಪ್ ತೆಗೆದುಕೊಂಡರೆ ಸಾಕು, ಬೌಲ್ ತೆಗೆದುಕೊಂಡರೆ ಬೇರೆ ಏನೂ ಇಳಿಯಲ್ಲ.

ಪೋ-ಬಾಯ್ ಅಂದರೆ ಉದ್ದ ಬ್ರೆಡ್ಡಿನಲ್ಲಿ ಕರಿದ ಸೀಗಡಿಯೋ ಆಯ್ಸ್ಟರೋ ತುಂಬಿದ್ದು. 1929ರಲ್ಲಿ ಟ್ರ್ಯಾಮ್ ನೌಕರರು ಮುಷ್ಕರ ಹೂಡಿದಾಗ ಮಾರ್ಟಿನ್ ಸಹೋದರರು ಅವರಿಗೆ ಪುಕ್ಕಟೆ ಕೊಟ್ಟ ಸ್ಯಾಂಡ್‌ವಿಚ್ ಇದು ಅಂತ ಹೇಳುತ್ತಾರೆ. ಕೌಂಟರಿನಲ್ಲಿ "ಡ್ರೆಸ್ಡ್?" ಅಂತ ಕೇಳಿದರೆ ಕಕ್ಕಾಬಿಕ್ಕಿಯಾಗಬೇಡಿ. ಲೆಟಿಸ್ ಎಲೆ, ಟೊಮೆಟೊ, ಉಪ್ಪಿನಸೌತೆ, ಮೇಯೊನೀಸ್ ಬೇಕಾ ಅಂತ ಅರ್ಥ. ಇಬ್ಬರಿಗೆ ಒಂದು ಫುಲ್ ಸಾಕು. ಪಾರ್ಕ್‌ವೇ ಬೇಕರಿ 1911ರಿಂದ ಇದೆ, ಸಿಟಿ ಪಾರ್ಕಿಗೆ ಹೋಗುವ ದಿನ ಅಲ್ಲಿ ತಿನ್ನಬಹುದು. ದನದ ಮಾಂಸ ತಿನ್ನದವರು ರೋಸ್ಟ್ ಬೀಫ್ ಜೊತೆಗೆ ಗ್ರೇವಿಯನ್ನೂ ಬಿಡಿ, ಅದೂ ಅದೇ.

ಕ್ರಾಫಿಶ್, ಅಂದರೆ ಸಿಹಿನೀರಿನ ಸೀಗಡಿಯಂಥದ್ದು, ವಸಂತ ಕಾಲದ್ದು. ಮಾರ್ಚ್, ಏಪ್ರಿಲ್‌ನಲ್ಲಿ ತುಂಬಿರುತ್ತದೆ. ಪೌಂಡ್ ಲೆಕ್ಕದಲ್ಲಿ ಬೇಯಿಸಿ ಟೇಬಲ್ ಮೇಲೆ ಸುರಿಯುತ್ತಾರೆ. ತಲೆ ತಿರುಚಿ ಬಾಲ ಬಿಡಿಸಿ, ಬಾಲದ ತುದಿ ಒತ್ತಿ ಮಾಂಸ ಎಳೆದುಕೊಳ್ಳಬೇಕು. ತಲೆಯ ರಸ ಹೀರಬೇಕು ಅಂತ ಪಕ್ಕದ ಟೇಬಲ್‌ನವರು ಹೇಳಿಕೊಡಲು ಎದ್ದೇ ಬರುತ್ತಾರೆ. ಆ ಖಾರ ನಮಗೆ ಖಾರವೇ ಅಲ್ಲ. ಆದರೆ ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಸೆಂಟ್ರಲ್ ಗ್ರೋಸರಿಯ ಮಫಲೆಟ್ಟಾ ಸಿಸಿಲಿಯವರ ಕೊಡುಗೆ: ದುಂಡು ಬ್ರೆಡ್ಡು, ಹಂದಿ ಮಾಂಸದ ಪದರಗಳು, ಚೀಸ್, ಆಲಿವ್ ಉಪ್ಪಿನಕಾಯಿ. ಅರ್ಧ ತೆಗೆದುಕೊಂಡು ನದಿ ದಂಡೆಯಲ್ಲಿ ಕೂತು ತಿನ್ನಿ. ಒಂದು ಊಟ ಮಾತ್ರ ದೊಡ್ಡ ಹೋಟೆಲಿನಲ್ಲಿ ಮಾಡಿ, ಅದೂ ಮಧ್ಯಾಹ್ನ. 1893ರ ಕಮಾಂಡರ್ಸ್ ಪ್ಯಾಲೆಸ್, 1905ರ ಗ್ಯಾಲಟ್ವಾರ್ಸ್ ಇಂಥ ಕಡೆ ರಾತ್ರಿಗಿಂತ ಮಧ್ಯಾಹ್ನ ಅಗ್ಗ. ಚಡ್ಡಿ ಹಾಕಿಕೊಂಡು ಹೋದರೆ ಬಾಗಿಲಲ್ಲೇ ತಡೆಯುತ್ತಾರೆ. ಗ್ಯಾಲಟ್ವಾರ್ಸ್‌ನಲ್ಲಿ ಸಂಜೆ ಐದರ ಮೇಲೆ ಗಂಡಸರಿಗೆ ಕೋಟು ಬೇಕೇ ಬೇಕು.

ಟ್ರೆಮೆ ಬಡಾವಣೆಯ ಡೂಕಿ ಚೇಸ್‌ಗೆ ಹೋಗದೆ ಬರಬೇಡಿ. 1941ರಲ್ಲಿ ಶುರುವಾದ ಹೋಟೆಲು. ಕರಿಯರು, ಬಿಳಿಯರು ಒಟ್ಟಿಗೆ ಕೂರುವುದೇ ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ನಾಗರಿಕ ಹಕ್ಕು ಹೋರಾಟಗಾರರು ಇದರ ಮಹಡಿ ಮೇಲೆ ಗಂಬೋ ತಿನ್ನುತ್ತಾ ಸಭೆ ಮಾಡುತ್ತಿದ್ದರು. 2019ರಲ್ಲಿ ತೀರಿಕೊಂಡ ಲಿಯಾ ಚೇಸ್ ತೊಂಬತ್ತು ದಾಟಿದ ಮೇಲೂ ಇದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು.

6. ಊಟ: ಸಸ್ಯಾಹಾರಿಗಳಿಗೆ, ಸ್ವಲ್ಪ ಹುಷಾರಾಗಿ

ಇಲ್ಲಿ ತೊಂದರೆ ಏನೆಂದರೆ ನೋಡಲು ಸಸ್ಯಾಹಾರ, ಒಳಗೆ ಹಂದಿ. ಸೋಮವಾರ ಊರಿಡೀ ರಾಜ್ಮಾ ಅನ್ನ ಮಾಡುತ್ತಾರೆ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ, ಒಲೆ ಮೇಲೆ ಪಾತ್ರೆ ಇಟ್ಟರೆ ತನ್ನಷ್ಟಕ್ಕೆ ಬೇಯುತ್ತಿತ್ತು. ನೋಡಿದರೆ ನಮ್ಮದೇ ಊಟ ಅನ್ನಿಸುತ್ತದೆ. ಆದರೆ ಬಹುತೇಕ ಕಡೆ ಅದರಲ್ಲಿ ಹ್ಯಾಮ್ ಮೂಳೆ ಹಾಕಿಯೇ ಬೇಯಿಸಿರುತ್ತಾರೆ. ಸೊಪ್ಪಿನ ಪಲ್ಯದಲ್ಲೂ ಹಾಗೆಯೇ. ಸೊಪ್ಪುಗಳ ಗಂಬೋ ಅಂತ ಈಸ್ಟರ್ ಮುಂಚಿನ ಗುರುವಾರ ಮಾಡುತ್ತಾರೆ. ಹೆಸರು ಸೊಪ್ಪಿನದು, ಒಳಗೆ ನಾಲ್ಕಾರು ಬಗೆ ಮಾಂಸ. ಕ್ರಾಫಿಶ್ ಜೊತೆ ಕೊಡುವ ಜೋಳ, ಆಲೂಗಡ್ಡೆಯೂ ಅದೇ ನೀರಲ್ಲಿ ಬೆಂದದ್ದು.

"ಐ ಆಮ್ ವೆಜಿಟೇರಿಯನ್" ಅಂದರೆ ಸಾಲದು. ಬಿಡಿಸಿ ಕೇಳಿ: ಹಂದಿ ಇದೆಯಾ? ಚಿಕನ್ ಸ್ಟಾಕ್ ಹಾಕಿದ್ದೀರಾ? ಸೀಗಡಿ ಕರಿದ ಎಣ್ಣೆಯಲ್ಲೇ ಇದನ್ನೂ ಕರಿಯುತ್ತೀರಾ? ಕೇಳಿದ್ದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. "ಇರು ಬೇಬಿ, ಅಡುಗೆಮನೆಯಲ್ಲಿ ಕೇಳಿಕೊಂಡು ಬರ್ತೀನಿ" ಅಂತ ಹೋಗುತ್ತಾರೆ. ಈ ಊರಲ್ಲಿ ಎಪ್ಪತ್ತು ವರ್ಷದ ನಿಮ್ಮ ಅಪ್ಪನಿಗೂ ಬೇಬಿ ಅಂತಲೇ ಕರೆಯುತ್ತಾರೆ, ಗಾಬರಿ ಬೇಡ.

ಧೈರ್ಯವಾಗಿ ಹೋಗಬಹುದಾದ ಕಡೆಗಳೂ ಇವೆ. ಟರ್ಕಿ ಅಂಡ್ ದ ವುಲ್ಫ್ ಅನ್ನೋ ಸಣ್ಣ ಅಂಗಡಿಯಲ್ಲಿ ಕಾಲರ್ಡ್ ಸೊಪ್ಪು, ಚೀಸ್, ಕೋಸಿನ ಸ್ಯಾಂಡ್‌ವಿಚ್ ಸಿಗುತ್ತದೆ. ಹೆಸರು ನೋಡಿ ಹೆದರಬೇಡಿ, ಅಲ್ಲಿ ಹೆಸರಾಗಿರೋದೇ ಆ ಸೊಪ್ಪಿನದು. ಮ್ಯಾಗಜೀನ್ ಸ್ಟ್ರೀಟ್‌ನ ಸ್ಯಾಫ್ರನ್‌ನಲ್ಲಿ ಭಾರತೀಯ ಅಡುಗೆಯನ್ನು ಈ ಊರಿನ ರೀತಿಗೆ ಹೊಂದಿಸಿ ಮಾಡುತ್ತಾರೆ. ಮುಂಚೆಯೇ ಟೇಬಲ್ ಬುಕ್ ಮಾಡಿ. ವಿಯೆಟ್ನಾಮಿನವರ ಅಂಗಡಿಗಳಲ್ಲಿ ತೋಫು ಬಾನ್ ಮಿ ಅನ್ನೋ ಸ್ಯಾಂಡ್‌ವಿಚ್ ಸಿಗುತ್ತದೆ, ಫಿಶ್ ಸಾಸ್ ಬೇಡ ಅಂತ ಹೇಳಿ. ಬೆನ್ಯೆ, ಮಾರ್ಡಿ ಗ್ರಾ ಕಾಲದ ಕಿಂಗ್ ಕೇಕ್, ಬ್ರೆಡ್ ಪುಡಿಂಗ್ ಇವಕ್ಕೆ ಮೊಟ್ಟೆ ವಿಚಾರ ಮಾತ್ರ ಕೇಳಿಕೊಳ್ಳಿ.

ಸಿಹಿಗೆ ಕಟ್ಟುಪಾಡಿಲ್ಲ. ಬೇಸಿಗೆಯಲ್ಲಿ ಸ್ನೋಬಾಲ್ ತಿನ್ನಲೇಬೇಕು. ಮಂಜುಗಡ್ಡೆಯನ್ನು ಹತ್ತಿಯಷ್ಟು ನುಣ್ಣಗೆ ಹೆರೆದು ಬಣ್ಣದ ಪಾಕ ಸುರಿಯುತ್ತಾರೆ, ಮೇಲೆ ಕಂಡೆನ್ಸ್ಡ್ ಮಿಲ್ಕ್. 1939ರ ಹ್ಯಾನ್ಸನ್ಸ್ ಅಂಗಡಿಯಲ್ಲಿ ಆ ಮನೆತನದವರೇ ಮಾಡಿದ ಯಂತ್ರ ಇನ್ನೂ ಓಡುತ್ತಿದೆ. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತಾರೆ. ಅಮ್ಮ ಊರಿಂದ ತಂದ ಚಟ್ನಿಪುಡಿ ಡಬ್ಬಿ ಒಂದು ಬ್ಯಾಗಲ್ಲಿರಲಿ, ಒಂದು ರಾತ್ರಿಯಾದರೂ ಬೇಕಾಗುತ್ತದೆ.

7. ಸಂಜೆ: ಬರ್ಬನ್ ದಾಟಿ ಫ್ರೆಂಚ್‌ಮೆನ್‌ಗೆ

ಮಕ್ಕಳು, ಹಿರಿಯರು ಜೊತೆಗಿದ್ದರೆ ಪ್ರಿಸರ್ವೇಶನ್ ಹಾಲ್‌ಗೆ ಟಿಕೆಟ್ ಮಾಡಿ. 1961ರಿಂದ ನಡೆಯುತ್ತಿದೆ. ಹಳೇ ಕೋಣೆ, ಕೆಲವೇ ಬೆಂಚು, ಉಳಿದವರು ನಿಲ್ಲಬೇಕು. ಮುಕ್ಕಾಲು ಗಂಟೆಯ ಕಛೇರಿ, ಒಳಗೆ ಕುಡಿತ ಇಲ್ಲ, ಫೋನಲ್ಲಿ ವಿಡಿಯೊ ಮಾಡುವಂತಿಲ್ಲ. ಕಹಳೆಯವರು ಮೂರಡಿ ದೂರದಲ್ಲಿ ನಿಂತು ಊದುತ್ತಾರೆ, ಎದೆಗೂಡಿಗೇ ಕೇಳಿಸುತ್ತದೆ.

ದೊಡ್ಡವರು ಮಾತ್ರ ಇದ್ದರೆ ಫ್ರೆಂಚ್‌ಮೆನ್ ಸ್ಟ್ರೀಟ್. ಅಕ್ಕಪಕ್ಕ ಹತ್ತಾರು ಕ್ಲಬ್ಬು, ಬಾಗಿಲಲ್ಲಿ ನಿಂತು ಕೇಳಿ, ಹಿಡಿಸಿದ್ದಕ್ಕೆ ಒಳಗೆ ಹೋಗಿ. ಬಾರುಗಳಿಗೆ 21 ವರ್ಷ ಆಗಿರಬೇಕು, ಪಾಸ್‌ಪೋರ್ಟ್ ಅಥವಾ ಲೈಸೆನ್ಸ್ ಕೇಳುತ್ತಾರೆ. ಕುಡಿಯದವರು ಸೋಡಾನೋ ಜ್ಯೂಸೋ ತೆಗೆದುಕೊಂಡರೂ ನಡೆಯುತ್ತದೆ, ಏನಾದರೂ ಒಂದು ತೆಗೆದುಕೊಳ್ಳಬೇಕು. ಬಕೆಟ್ ಹಿಡಿದು ಬಂದಾಗ ಐದೋ ಹತ್ತೋ ಡಾಲರ್ ಹಾಕಿ. ಎಷ್ಟೋ ವಾದ್ಯಗಾರರಿಗೆ ಆ ರಾತ್ರಿಯ ಸಂಪಾದನೆಯಲ್ಲಿ ಅದೇ ದೊಡ್ಡ ಪಾಲು.

ಭಾನುವಾರ ಊರಲ್ಲಿದ್ದರೆ ಸೆಕೆಂಡ್ ಲೈನ್ ಹುಡುಕಿ. ಬೇಸಿಗೆಯ ಕೆಲವು ವಾರ ಬಿಟ್ಟರೆ ಹೆಚ್ಚಿನ ಭಾನುವಾರ ಯಾವುದಾದರೂ ಬಡಾವಣೆಯ ಸಂಘದವರು ಬ್ರಾಸ್ ಬ್ಯಾಂಡ್ ಕಟ್ಟಿಕೊಂಡು ಮೆರವಣಿಗೆ ಹೊರಡುತ್ತಾರೆ. ಮುಂದೆ ಒಂದೇ ಬಣ್ಣದ ಸೂಟು, ಗರಿ ಬೀಸಣಿಗೆ ಹಿಡಿದವರು, ಹಿಂದೆ ಕುಣಿಯುತ್ತಾ ಬರುವ ಊರ ಜನ. ಆ ಹಿಂದಿನ ಸಾಲಿಗೆ ಯಾರು ಬೇಕಾದರೂ ಸೇರಬಹುದು. ಹಗ್ಗದೊಳಗೆ ಮಾತ್ರ ನುಗ್ಗಬೇಡಿ, ಅದು ಸಂಘದವರ ಜಾಗ. ದಾರಿ ಯಾವುದು, ಎಷ್ಟು ಹೊತ್ತಿಗೆ ಅಂತ ಡಬ್ಲ್ಯೂ ಡಬ್ಲ್ಯೂ ಓ ಝೆಡ್ ರೇಡಿಯೊದ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಯಾವ ಕ್ಲಬ್ಬಲ್ಲಿ ಯಾರು ನುಡಿಸುತ್ತಾರೆ ಅನ್ನೋ ಪಟ್ಟಿಯೂ ಅಲ್ಲೇ ಇದೆ.

8. ಜೇಬು ಜೋಪಾನ

ಫ್ರೆಂಚ್ ಕ್ವಾರ್ಟರ್‌ನಲ್ಲಿ ಒಬ್ಬ ನಗುತ್ತಾ ಬಂದು, "ನಿನ್ನ ಶೂ ಎಲ್ಲಿಂದ ಬಂತು ಅಂತ ಹೇಳ್ತೀನಿ, ಇಪ್ಪತ್ತು ಡಾಲರ್ ಬೆಟ್" ಅನ್ನುತ್ತಾನೆ. ಬೆಂಗಳೂರಲ್ಲಿ ಕೊಂಡಿದ್ದು ಇವನಿಗೆ ಹೇಗೆ ಗೊತ್ತಾಗುತ್ತೆ ಅಂತ ಒಪ್ಪಿಕೊಂಡಿರೋ, ಮುಗಿಯಿತು. "ಶೂ ಇರೋದು ನಿನ್ನ ಕಾಲಲ್ಲಿ, ಬರ್ಬನ್ ಸ್ಟ್ರೀಟಲ್ಲಿ" ಅಂತ ಕೈ ಚಾಚುತ್ತಾನೆ. ನಕ್ಕು ಮುಂದೆ ನಡೆಯಿರಿ, ನಿಲ್ಲಲೇಬೇಡಿ. ಸುಮ್ನೆ ಕೊರಳಿಗೆ ಮಣಿಸರ ಹಾಕಲು ಬರುವವರಿಗೂ ಅದೇ ಉತ್ತರ.

ಬಿಲ್ಲಿನ ಮೇಲೆ ಸುಮಾರು 10% ತೆರಿಗೆ, ಅದರ ಮೇಲೆ 18ರಿಂದ 20% ಟಿಪ್ಸ್. ಮೆನುವಿನ ಬೆಲೆಗೆ ಮೂರನೇ ಒಂದು ಭಾಗ ಸೇರಿಸಿಕೊಂಡು ಲೆಕ್ಕ ಹಾಕಿ. ಜನ ಹೆಚ್ಚಿದ್ದರೆ ಟಿಪ್ಸ್ ಬಿಲ್ಲಲ್ಲೇ ಸೇರಿಸಿರುತ್ತಾರೆ, ಎರಡೆರಡು ಸಲ ಕೊಡಬೇಡಿ. ರಾತ್ರಿ ಖಾಲಿ ಬೀದಿಗಳಲ್ಲಿ ನಡೆಯಬೇಡಿ, ಕ್ಯಾಬ್ ಹಿಡಿಯಿರಿ. ಪ್ಲಾಸ್ಟಿಕ್ ಲೋಟದಲ್ಲಾದರೆ ಬೀದಿಯಲ್ಲಿ ಕುಡಿಯಲು ಇಲ್ಲಿ ಅಡ್ಡಿಯಿಲ್ಲ, ಗಾಜಿನ ಬಾಟಲಿ ಹಿಡಿದು ಓಡಾಡುವಂತಿಲ್ಲ.

9. ಇನ್ನೂ ಒಂದು ದಿನ ಇದ್ದರೆ

ಎರಡನೇ ಮಹಾಯುದ್ಧದ ಮ್ಯೂಸಿಯಂಗೆ ಅರ್ಧ ದಿನ ಬೇಕು, ಗಂಟೆಯಲ್ಲಿ ಮುಗಿಸುತ್ತೇವೆ ಅಂತ ಹೋಗಬೇಡಿ. ಸೇಂಟ್ ಲೂಯಿಸ್ ಒಂದನೇ ನಂಬರಿನ ಸ್ಮಶಾನಕ್ಕೆ 2015ರಿಂದ ಗೈಡ್ ಇಲ್ಲದೆ ಬಿಡುವುದಿಲ್ಲ. ಸಿಟಿ ಪಾರ್ಕಿನ ಶಿಲ್ಪಗಳ ತೋಟಕ್ಕೆ ದುಡ್ಡಿಲ್ಲ. ಕಾರಿದ್ದರೆ ಬರಟೇರಿಯಾ ಕಾಡಿನ ಮರದ ಹಾದಿಯಲ್ಲಿ ನಡೆದು ಮೊಸಳೆ ನೋಡಬಹುದು, ಅದಕ್ಕೂ ಟಿಕೆಟ್ ಇಲ್ಲ. ಸೊಳ್ಳೆ ಔಷಧಿ ಮರೆಯಬೇಡಿ.

ಆಯ್ಕೆ ಒಂದೇ ಅಂದರೆ ನಾನು ವಿಟ್ನಿ ಪ್ಲಾಂಟೇಶನ್ ಅನ್ನುತ್ತೇನೆ. ಊರಿಂದ ಒಂದು ಗಂಟೆ. ಬೇರೆ ತೋಟದ ಮನೆಗಳಲ್ಲಿ ಮಾಲೀಕರ ವೈಭವ ತೋರಿಸುವುದೇ ಹೆಚ್ಚು. 2014ರಲ್ಲಿ ತೆರೆದ ಇಲ್ಲಿ ಕಬ್ಬಿನ ಗದ್ದೆಯಲ್ಲಿ ದುಡಿದು ಸತ್ತ ಗುಲಾಮರ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಬೆಂಡೆಕಾಯಿ, ಅಕ್ಕಿ, ಕಹಳೆ, ಕುಣಿತ, ಊರಲ್ಲಿ ನೀವು ಸವಿದಿದ್ದರಲ್ಲಿ ಬಹುಪಾಲು ಯಾರ ಕೈಯಿಂದ ಬಂತು ಅಂತ ಅಲ್ಲಿ ಗೊತ್ತಾಗುತ್ತದೆ. ತೀರಾ ಚಿಕ್ಕ ಮಕ್ಕಳಿದ್ದರೆ ಯೋಚಿಸಿ ಹೋಗಿ. ಬೆಳಗಿನ ಹೊತ್ತು ಬುಕ್ ಮಾಡಿಕೊಳ್ಳಿ, ಮಧ್ಯಾಹ್ನ ಅಲ್ಲಿ ನೆರಳು ಕಡಿಮೆ.

ಮನೆಗೆ ಒಯ್ಯಲು ಪ್ರಲೀನ್ ಕೊಳ್ಳಿ. ಪೆಕನ್ ಬೀಜ, ಸಕ್ಕರೆ, ಕೆನೆ ಸೇರಿಸಿ ಮಾಡಿದ ಬಿಲ್ಲೆ, ಅಂಗಡಿಯಲ್ಲಿ ಚೂರು ರುಚಿಗೆ ಕೊಡುತ್ತಾರೆ. ವಿಮಾನದ ಕೈಚೀಲದಲ್ಲಿ ಇದಕ್ಕೆ ತಕರಾರಿಲ್ಲ. ಖಾರದ ಸಾಸ್ ಬಾಟಲಿಗಳನ್ನು ಮಾತ್ರ ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ.